ಎರಡು ಅಂಕದ ಉತ್ತರ

ಕೊಳ್ಳೇಗಾಲದ ಷಡಕ್ಷರಿ ಮೇಷ್ಟ್ರು ನಿವೃತ್ತರಾದ ಮೇಲೆ ಮಾಡುತ್ತಿದ್ದ ಕೆಲಸಕ್ಕೆ ಹೆಸರಿರಲಿಲ್ಲ, ರಜೆಯೂ ಇರಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿದವರು ಅನ್ನುವ ಒಂದೇ ಕಾರಣಕ್ಕೆ ಜನ ಲ್ಯಾಬ್ ರಿಪೋರ್ಟುಗಳನ್ನು ಹಿಡಿದು ಅವರ ಜಗಲಿಗೆ ಬರುತ್ತಿದ್ದರು. ಡಾಕ್ಟರ ಮಾತನ್ನು ಡಾಕ್ಟರ ಬಾಯಿಂದಲೇ ಕೇಳಿದರೆ ಯಾರಿಗೂ ಸಮಾಧಾನವಿಲ್ಲ. ಅದೇ ಮಾತನ್ನು ಮೇಷ್ಟ್ರು ಕನ್ನಡಕ ಏರಿಸಿ, ಒಮ್ಮೆ ‘ಹ್ಞೂಂ’ ಎಂದು, ಕಾಗದವನ್ನು ಬೆಳಕಿಗೆ ಹಿಡಿದು ಹೇಳಿದರೆ ಕಾಯಿಲೆ ಅರ್ಧ ಇಳಿದ ಹಾಗೆ. ರಿಪೋರ್ಟನ್ನು ಬೆಳಕಿಗೆ ಹಿಡಿಯುವ ಅಗತ್ಯವೇನೂ ಇಲ್ಲ, ಎಕ್ಸ್‌ರೇಗೆ ಮಾತ್ರ ಅದು ಬೇಕು. ಆದರೆ ಬಂದವರು ಅದನ್ನು ನಿರೀಕ್ಷಿಸುತ್ತಿದ್ದರು, ಮೇಷ್ಟ್ರು ನಿರಾಸೆ ಮಾಡುತ್ತಿರಲಿಲ್ಲ.

“ಸಾ, ಇಲ್ಲೊಂದು ಚುಕ್ಕಿ ಆಕವ್ರಲ್ಲ, ಅದೇನು ಸಾ?” ಎಂದು ರೇಷ್ಮೆಗೂಡಿನ ವ್ಯಾಪಾರದ ರಾಜಣ್ಣ ಕೇಳುತ್ತಿದ್ದ.

“ಅದು ಹೆಚ್ಚಾಗಿದೆ ಅಂತ.”

“ಒಳ್ಳೇದು ಎಚ್ಚಾಗದೋ ಕೆಟ್ಟದ್ದು ಎಚ್ಚಾಗದೋ?”

“ಕೊಬ್ಬು ಹೆಚ್ಚಾಗಿದೆ.”

“ಅದ ನಮ್ಮನೇವ್ಳು ದಿನಾ ಏಳ್ತಾಳೆ ಬುಡಿ,” ಎಂದು ರಾಜಣ್ಣ ನೆಮ್ಮದಿಯಿಂದ ಎದ್ದು ಹೋಗುತ್ತಿದ್ದ.

ಈ ಕೀರ್ತಿ ಶುರುವಾದದ್ದು ಅಕ್ಕನ ಗಂಟಿನಿಂದ. ಹನ್ನೊಂದು ವರ್ಷದ ಹಿಂದೆ ಅವರು ಮನೆಯವರಿಗಾಗಿ ಓದಿದ ಮೊದಲ ರಿಪೋರ್ಟು ಅದು.

ಅಕ್ಕ ಶಿವರತ್ನಮ್ಮನವರನ್ನು ಯಳಂದೂರು ಬಳಿಯ ಮಾಂಬಳ್ಳಿಗೆ ಕೊಟ್ಟಿತ್ತು. ಗಂಡ ಮಲ್ಲಿಕಾರ್ಜುನಸ್ವಾಮಿಯವರಿಗೆ ಕಬ್ಬು, ಭತ್ತ, ಎರಡು ಬೋರ್‌ವೆಲ್ಲು. ಶಿವರತ್ನಮ್ಮನವರಿಗೆ ಸೋಬಾನೆ ಪದ. ಸುತ್ತಲ ಊರುಗಳಲ್ಲಿ ಮದುವೆ ಗೊತ್ತಾದರೆ ಚಪ್ಪರದವನಿಗೂ ಅವರಿಗೂ ಒಂದೇ ದಿನ ಹೇಳಿಕಳಿಸುತ್ತಿದ್ದರು. ಅರಿಶಿನ ಹಚ್ಚುವಾಗ, ಧಾರೆಯಲ್ಲಿ, ಹೆಣ್ಣೊಪ್ಪಿಸುವಾಗ ಅವರು ಸಾಲು ಎತ್ತಿಕೊಟ್ಟರೆ ಉಳಿದ ಹೆಂಗಸರು ಹಿಂದೆ ಹಿಡಿಯುತ್ತಿದ್ದರು. ಅವರಿಲ್ಲದ ಮದುವೆಯಲ್ಲಿ ಎಲ್ಲರೂ ಹಿಂದೆ ಹಿಡಿಯುವವರೇ, ಎತ್ತಿಕೊಡುವವರಿಲ್ಲದೆ ಕೊನೆಗೆ ಧ್ವನಿವರ್ಧಕದವನು ಗೆಲ್ಲುತ್ತಿದ್ದ.

ಐವತ್ತೆರಡರಲ್ಲಿ ಅವರ ಎಡಗಿವಿಯ ಕೆಳಗೆ, ದವಡೆಯ ತಿರುವಿನಲ್ಲಿ, ಒಂದು ಗಂಟು ಕಾಣಿಸಿಕೊಂಡಿತು. ನೋವಿಲ್ಲ, ಒತ್ತಿದರೆ ಜಾರುತ್ತದೆ, ನೆಲ್ಲಿಕಾಯಿಗಿಂತ ತುಸು ಚಿಕ್ಕದು. ಕಾಮಗೆರೆಯ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಪರೀಕ್ಷೆ ಮಾಡಿಸಿದರು. ಸರ್ಜನ್ ಮೂರು ಮಾತು ಹೇಳಿದರು. ಇದು ಜೊಲ್ಲಿನ ಗ್ರಂಥಿಯಲ್ಲಿ ಆಗುವ ಗಡ್ಡೆ, ಕ್ಯಾನ್ಸರ್ ಅಲ್ಲ. ಆದರೂ ತೆಗೆಸಿಬಿಡಿ, ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಕೆಡುವುದುಂಟು. ಮುಖದ ನರ ಆ ಗ್ರಂಥಿಯೊಳಗೇ ಹಾದುಹೋಗುತ್ತದೆ, ಆಪರೇಷನ್ ಆದ ನೂರು ಜನರಲ್ಲಿ ನಾಲ್ಕು ಜನಕ್ಕೆ ಬಾಯಿ ಸೊಟ್ಟಗಾಗಬಹುದು. ಮನೆಯವರು ಮೊದಲನೆಯದನ್ನೂ ಮೂರನೆಯದನ್ನೂ ಮಾಂಬಳ್ಳಿಗೆ ತಂದರು. ನಡುವಿನದರಲ್ಲಿ ‘ತೆಗೆಸಿ’ ಅನ್ನುವುದಷ್ಟೇ ಬಂತು, ‘ಕೆಡುವುದುಂಟು’ ಅನ್ನುವುದು ಬಸ್ಸಿನಲ್ಲೇ ಉಳಿಯಿತು.

“ತೆಗಿಸ್ಬುಡಾನ ಅಂತೀನಿ ನಾನು,” ಎಂದಿದ್ದರು ಮಲ್ಲಿಕಾರ್ಜುನಸ್ವಾಮಿ. “ಡಾಕ್ಟ್ರು ಏಳವ್ರೆ. ನೀನೇನಂತೀಯ ಮೇಷ್ಟ್ರೇ? ಓದ್ದೋನು ನೀನು.”

ಮೇಷ್ಟ್ರು ರಿಪೋರ್ಟನ್ನು ಬೆಳಕಿಗೆ ಹಿಡಿದದ್ದು ಅವತ್ತೇ ಮೊದಲು. ‘ನಿರಪಾಯಕಾರಿ’ ಅನ್ನುವ ಅರ್ಥದ ಇಂಗ್ಲಿಷ್ ಪದ ಅಲ್ಲಿತ್ತು. ಆ ಪದ ಅವರಿಗೆ ಮನೆಯ ದನದಷ್ಟು ಪರಿಚಿತ. ‘ನಿರಪಾಯಕಾರಿ ಗಡ್ಡೆಗೂ ಮಾರಕ ಗಡ್ಡೆಗೂ ಇರುವ ಎರಡು ವ್ಯತ್ಯಾಸಗಳನ್ನು ಬರೆಯಿರಿ’ ಎಂದು ಎರಡು ಅಂಕಕ್ಕೆ ಎಷ್ಟು ಸಲ ಕೇಳಿದ್ದರೋ. ಉತ್ತರ: ಒಂದು, ಅದು ದೇಹದ ಬೇರೆ ಭಾಗಗಳಿಗೆ ಹರಡುವುದಿಲ್ಲ. ಎರಡು, ಪ್ರಾಣಾಪಾಯವಿಲ್ಲ. ಇಷ್ಟು ಬರೆದವನಿಗೆ ಎರಡಕ್ಕೆ ಎರಡು. ಹೆಚ್ಚಿಗೆ ಬರೆದವನಿಗೂ ಅಷ್ಟೇ, ಆದ್ದರಿಂದ ಯಾರೂ ಹೆಚ್ಚಿಗೆ ಬರೆಯುತ್ತಿರಲಿಲ್ಲ, ಮೇಷ್ಟ್ರೂ ಹೆಚ್ಚಿಗೆ ಓದಿರಲಿಲ್ಲ.

“ಹಾನಿಯಿಲ್ಲ ಅಂತ ರಿಪೋರ್ಟೇ ಹೇಳುತ್ತೆ ಬಾವ,” ಎಂದರು. “ಇಲ್ಲದ ಹಾನಿಗೆ ಇರೋ ಬಾಯನ್ನ ಯಾಕೆ ಕೆಡಿಸಿಕೊಳ್ಳೋದು? ಸುಮ್ಮನೆ ಬಿಡಿ.”

ಶಿವರತ್ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಕಂಡ ಸಂತೋಷವನ್ನು ಮೇಷ್ಟ್ರು ತಮ್ಮ ಉತ್ತರಕ್ಕೆ ಬಿದ್ದ ಅಂಕವೆಂದೇ ಎಣಿಸಿದರು.

ಹತ್ತು ವರ್ಷ ಅವರ ಮಾತೇ ನಿಜವಾಗಿತ್ತು. ಶಿವರತ್ನಮ್ಮ ಸೆರಗನ್ನು ಎಡಕ್ಕೆ ಸ್ವಲ್ಪ ಎಳೆದುಕೊಂಡು ಇನ್ನೂರು ಮುನ್ನೂರು ಮದುವೆಗಳಲ್ಲಿ ಹಾಡಿದರು. ಸೋಮವಾರ ವಿಭೂತಿ ಇಟ್ಟುಕೊಳ್ಳುವಾಗ ಗಂಟಿನ ಮೇಲೂ ಒಂದು ಬೆರಳು ಎಳೆಯುತ್ತಿದ್ದರು. “ಅದೂ ನಮ್ಮನೇದೇ ಅಲ್ವಾ,” ಅನ್ನುತ್ತಿದ್ದರು.

ಹೋದ ದೀಪಾವಳಿಯಲ್ಲಿ ಗಂಟು ಎಚ್ಚೆತ್ತಿತು. ಶಿವರಾತ್ರಿಯ ಹೊತ್ತಿಗೆ ನಿಂಬೆಹಣ್ಣಿನಷ್ಟಾಗಿ, ಒತ್ತಿದರೆ ಜಾರದೆ, ಕಲ್ಲಿನ ಹಾಗೆ ಕೂತಿತು. ಯುಗಾದಿಗೆ ಎಡಗಣ್ಣು ಮುಚ್ಚದಾಯಿತು, ಬಾಯಿ ಬಲಕ್ಕೆ ಎಳೆಯಿತು, ಕುಡಿದ ನೀರು ಎಡಗಡೆಯಿಂದ ಸೋರತೊಡಗಿತು. ಆಪರೇಷನ್ ಮಾಡಿಸಿಕೊಂಡ ನೂರರಲ್ಲಿ ನಾಲ್ಕು ಜನಕ್ಕೆ ಆಗಬಹುದಾಗಿದ್ದದ್ದು, ಮಾಡಿಸಿಕೊಳ್ಳದ ಒಬ್ಬರಿಗೆ ಆಯಿತು. ಮದುವೆಯವರು ಆಗಲೂ ಹೇಳಿಕಳಿಸಿದರು, ಒಳ್ಳೆಯ ಜನ. “ಆಡೋಕಲ್ಲ ಕಣಕ್ಕ, ಸುಮ್ನೆ ಬಂದು ಕೂತ್ಕಳಿ ಸಾಕು,” ಎಂದರು. ಶಿವರತ್ನಮ್ಮ ಹೋಗಲಿಲ್ಲ.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಒಂದು ಚೂರು ತೆಗೆದು ನೋಡಿದರು. ಕ್ಯಾನ್ಸರ್. ಕತ್ತಿನ ಗ್ರಂಥಿಗಳಿಗೆ ಹೋಗಿದೆ, ಶ್ವಾಸಕೋಶದಲ್ಲಿ ಐದಾರು ಚುಕ್ಕೆಗಳಿವೆ. ಈಗ ಕತ್ತರಿಸಿ ಪ್ರಯೋಜನವಿಲ್ಲ, ನಿಧಾನ ಮಾಡಲು ಔಷಧಿ ಕೊಡಬಹುದು ಅಂದರು. ರಿಪೋರ್ಟಿನ ಕೊನೆಯ ಸಾಲನ್ನು ಮೇಷ್ಟ್ರು ಕಾರಿಡಾರಿನಲ್ಲಿ ನಿಂತು ನಾಲ್ಕು ಸಲ ಓದಿದರು. ‘ಹಳೆಯ ನಿರಪಾಯಕಾರಿ ಗಡ್ಡೆಯೊಳಗಿನಿಂದ ಹುಟ್ಟಿರಬಹುದು. ಬೇಕಿದ್ದಲ್ಲಿ ಪ್ಲ್ಯಾಗ್-ಒನ್ ಜೀನಿನ ಮರುಜೋಡಣೆಗಾಗಿ ಪರೀಕ್ಷಿಸಬಹುದು.’

ಅವರಿಗೆ ‘ಹುಟ್ಟಿರಬಹುದು’ ಅನ್ನುವುದು ಕಾಣಲಿಲ್ಲ, ‘ಹುಟ್ಟಿಲ್ಲದಿರಬಹುದು’ ಅನ್ನುವುದು ಕಂಡಿತು. ಇದು ಬೇರೆಯೇ ಕಾಯಿಲೆಯಾಗಿದ್ದರೆ? ಹಳೆಯ ಗಂಟು ಪಾಪ ಪಕ್ಕದಲ್ಲಿ ಸುಮ್ಮನೆ ಕೂತಿದ್ದು, ಇದು ಈಗ ಎಲ್ಲಿಂದಲೋ ಬಂದದ್ದಾಗಿದ್ದರೆ? ಆಗ ಹನ್ನೊಂದು ವರ್ಷದ ಹಿಂದಿನ ಉತ್ತರ ಸರಿಯಾಗಿಯೇ ಉಳಿಯುತ್ತದೆ. ಅವರು ಡಾಕ್ಟರಮ್ಮನ ಬಾಗಿಲಿಗೆ ಹೋದರು.

“ಆ ಟೆಸ್ಟಿನಿಂದ ಟ್ರೀಟ್‌ಮೆಂಟ್ ಏನೂ ಬದಲಾಗಲ್ಲ ಸರ್,” ಎಂದರು ಡಾಕ್ಟರಮ್ಮ.

“ಆದರೂ ಗೊತ್ತಾಗಲಿ ಮೇಡಂ.”

“ಏನು ಗೊತ್ತಾಗಬೇಕು?”

ಉತ್ತರ ಬಾರದ ಸಾವಿರಾರು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದ ಮೇಷ್ಟ್ರು ಈಗ ತಾವೇ ನಿಂತಿದ್ದರು. “ವೈಜ್ಞಾನಿಕವಾಗಿ...” ಎಂದು ಶುರುಮಾಡಿ ಅಲ್ಲಿಗೇ ಬಿಟ್ಟರು.

“ಆ ಮರುಜೋಡಣೆ ಹಳೇ ಗಡ್ಡೆಯ ಗುರುತು. ಇಲ್ಲ ಅಂತ ಬಂದರೂ ಹಳೇದರಿಂದ ಬಂದಿಲ್ಲ ಅಂತ ಖಾತ್ರಿಯಾಗಲ್ಲ. ಇದೆ ಅಂತ ಬಂದರೆ ಮಾತ್ರ ಖಾತ್ರಿ,” ಎಂದು ಡಾಕ್ಟರಮ್ಮ ಸಹಿ ಹಾಕಿದರು. ಮೇಷ್ಟ್ರ ಕಿವಿ ಸಹಿಯ ಸದ್ದನ್ನಷ್ಟೇ ಕೇಳಿಸಿಕೊಂಡಿತು.

ಹೊರಗೆ ಕಾಯುತ್ತಿದ್ದ ಬಾವನಿಗೆ, “ಜೀನ್ ಟೆಸ್ಟ್ ಆಗಲೇಬೇಕಂತೆ,” ಎಂದರು. ಇದನ್ನು ಸುಳ್ಳೆನ್ನಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಯಾರಿಗೆ ಆಗಲೇಬೇಕು ಅನ್ನುವುದನ್ನು ಅವರು ಹೇಳಿರಲಿಲ್ಲ, ಅಷ್ಟೇ.

ಆ ಮಾತು ಅವರಿಗಿಂತ ಮೊದಲು ಊರು ತಲುಪಿತು. ಮಲ್ಲಿಕಾರ್ಜುನಸ್ವಾಮಿ ಮಗಳು ಕೋಮಲಳಿಗೆ ಫೋನು ಮಾಡಿದರು, ಕೋಮಲಳ ಪಕ್ಕದಲ್ಲಿ ಅವಳ ಅತ್ತೆ ಮಹಾದೇವಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಕೋಮಲಳನ್ನು ಕೊಟ್ಟದ್ದು ಹನೂರಿನ ಗೊಬ್ಬರದಂಗಡಿಯವರ ಮನೆಗೆ. ಎರಡೂವರೆ ವರ್ಷದ ಹೆಣ್ಣು ಮಗುವಿದೆ. ಜೀನ್ ಅಂದರೇನು ಎಂದು ಮಹಾದೇವಮ್ಮನವರಿಗೆ ಟಿವಿ ಧಾರಾವಾಹಿಗಳು ಆಗಲೇ ಕಲಿಸಿದ್ದವು. ಅಪ್ಪನಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಬರುವುದು. ಆಸ್ತಿಯ ಹಾಗೆ, ಬೇಡವೆಂದರೂ ಬಿಡದ್ದು.

ಟೆಸ್ಟಿಗೆ ಕಳಿಸಿ ಹತ್ತು ದಿನವಾಗಿತ್ತು. ಕೋಮಲ ಮಗುವನ್ನು ಕಟ್ಟಿಕೊಂಡು ಮಾಂಬಳ್ಳಿಗೆ ಬಂದಳು. ಮೇಷ್ಟ್ರೂ ಅವತ್ತು ಅಲ್ಲಿದ್ದರು. ಅವರು ವಾರಕ್ಕೆರಡು ಸಲ ಬಂದು ಅಕ್ಕನ ಮಂಚದ ಬಳಿ ಪೇಪರು ಓದುತ್ತಿದ್ದರು, ತಮಗೇ.

“ಅತ್ತೆ ದಿನಾ ನನ್ ತಲೆ ಬಾಚ್ತಾರೆ ಮಾವ,” ಎಂದಳು ಕೋಮಲ.

“ಒಳ್ಳೆಯದಲ್ವೇನಮ್ಮ?”

“ಮದ್ವೆ ಆಗಿ ನಾಕು ವರ್ಸದಲ್ಲಿ ಒಂದಿನ ಬಾಚ್ನಿಲ್ಲ. ಈಗ ಬೆಳಗೆದ್ರೆ ಬಾಚಣಿಗೆ ಇಡ್ಕಂಡು ಕೂತಿರ್ತಾರೆ. ಬಾಚ್ತಾ ಬಾಚ್ತಾ ಕಿವಿ ಕೆಳಗೆ ಬೆರಳಿಟ್ಟು ಒತ್ತಿ ಒತ್ತಿ ನೋಡ್ತಾರೆ. ಮೊದ್ಲು ನಂದು. ಆಮೇಲೆ ಕೂಸಿಂದು. ಕೂಸು ಆಟ ಅಂತ ನಗ್ತದೆ.”

ಮೇಷ್ಟ್ರು ಪೇಪರು ಮಡಚಿದರು.

“ಇನ್ನೊಂದು ಕೂಸು ಈಗ ಬ್ಯಾಡ, ಟೆಸ್ಟು ಬರ್ಲಿ, ನೋಡಾನ ಅಂತಾರೆ.” ಕೋಮಲ ದನಿ ತಗ್ಗಿಸಿದಳು. “ಆಗ್ಲೇ ಎರಡು ತಿಂಗ್ಳು ಮಾವ. ಅಲ್ಲಿ ಏಳಿಲ್ಲ ಇನ್ನೂವೆ. ಏಳಿದ್ರೆ ತೆಗ್ಸು ಅಂದ್ಬುಟ್ರೆ? ಇವ್ರು ಅವ್ವನ ಮಾತ್ಗೆ ಎದುರಾಡೋ ಪೈಕಿ ಅಲ್ಲ.”

ದನಿ ತಗ್ಗಿಸಿದ್ದು ವ್ಯರ್ಥವಾಯಿತು. ಮಂಚದ ಮೇಲೆ ಶಿವರತ್ನಮ್ಮ ಕಣ್ಣು ತೆರೆದೇ ಇದ್ದರು.

“ಷಡಕ್ಷರಿ,” ಎಂದರು. ಎಳೆದ ಬಾಯಿಂದ ಮಾತು ಸೋರಿಕೊಂಡು ಬರುತ್ತಿತ್ತು, ಆದರೂ ಸ್ಪಷ್ಟವಾಗಿತ್ತು. “ನಾನು ಕೊಟ್ಬುಟ್ಟಿದ್ದೀನೇನ್ಲಾ ನನ್ ಮಗೀಗೆ?”

“ಇಲ್ಲಕ್ಕ, ಇದು ಅಂಥದ್ದಲ್ಲ.”

“ಮತ್ತೆ ಎಂತದ್ದು?”

ಹೇಳಲು ಬರುತ್ತಿತ್ತು. ಕೋಮಲ ಹತ್ತನೆಯ ತರಗತಿಯಲ್ಲಿ ಅವರ ಶಿಷ್ಯೆ, ಐದು ನಿಮಿಷದಲ್ಲಿ ತಿಳಿದುಕೊಳ್ಳುತ್ತಿದ್ದಳು. ಆದರೆ ಇದು ಎಂಥದ್ದು ಎಂದು ಹೇಳಹೊರಟರೆ ಮಾತು ಆ ಹಳೆಯ ಗಂಟಿನ ಮುಂದೆಯೇ ಹಾದುಹೋಗಬೇಕು, ಬೇರೆ ದಾರಿಯಿಲ್ಲ.

“ರಿಪೋರ್ಟ್ ಬರಲಿ,” ಎಂದರು ಮೇಷ್ಟ್ರು.

“ಬರ್ಲಿ ಅಂಗಾರೆ,” ಎಂದರು ಶಿವರತ್ನಮ್ಮ. “ನಾನು ಓಗೋಕೆ ಮುಂಚೆ ಬರ್ಲಿ. ಇದೊಂದ ತಿಳ್ಕಂಡು ಓಯ್ತೀನಿ.”

ರಿಪೋರ್ಟು ಬಂದದ್ದು ಮುಂದಿನ ವಾರ, ಮೇಷ್ಟ್ರು ಗೋವಿಂದಯ್ಯನ ಕಟಿಂಗ್ ಶಾಪಿನಲ್ಲಿ ಕೂತಿದ್ದಾಗ. ಜೇಬಿನಲ್ಲಿ ಫೋನು ನಡುಗಿತು. ಮುಖದ ತುಂಬ ನೊರೆ.

“ಅಲ್ಲಾಡ್ಬೇಡಿ ಸಾ, ಕತ್ತಿ ಐತೆ,” ಎಂದ ಗೋವಿಂದಯ್ಯ.

ಅವರು ಅಲ್ಲಾಡಲಿಲ್ಲ. ಫೋನನ್ನು ಮಾತ್ರ ಮೇಲೆತ್ತಿದರು. ಕಪ್ಪು ಹಿನ್ನೆಲೆಯಲ್ಲಿ ನೀಲಿ ಕೋಶಗಳ ಒಂದು ಚಿತ್ರ. ಒಳಗೆ ಕೆಂಪು ಚುಕ್ಕೆ, ಹಸಿರು ಚುಕ್ಕೆ. ಕಾದ ಹದಿನೇಳು ದಿನಗಳಲ್ಲಿ ಮೇಷ್ಟ್ರು ಇದನ್ನೆಲ್ಲ ಓದಿಕೊಂಡಿದ್ದರು, ಹನ್ನೊಂದು ವರ್ಷ ತಡವಾಗಿಯಾದರೂ ಚೆನ್ನಾಗಿಯೇ. ಎಂಟನೆಯ ಕ್ರೋಮೋಸೋಮಿನ ಮೇಲೆ ಆ ಜೀನಿನ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ಹಸಿರು ಬಣ್ಣ ಅಂಟಿಸುತ್ತಾರೆ. ಜೀನು ಸರಿಯಿದ್ದರೆ ಎರಡೂ ಒತ್ತಿಕೊಂಡು ಕೂತಿರುತ್ತವೆ. ಅಲ್ಲಿ ತುಂಡಾಗಿ ಬೇರೆ ಕಡೆ ಹೋಗಿ ಸೇರಿಕೊಂಡಿದ್ದರೆ, ಕೆಂಪು ಒಂದು ಮೂಲೆಯಲ್ಲಿ, ಹಸಿರು ಒಂದು ಮೂಲೆಯಲ್ಲಿ. ಚಿತ್ರದಲ್ಲಿ ಅವು ಜಗಳವಾಡಿ ಪಾಲಾದ ಅಣ್ಣತಮ್ಮಂದಿರ ಹಾಗೆ ದೂರ ದೂರ ನಿಂತಿದ್ದವು. ನೂರು ಕೋಶ ನೋಡಿದ್ದರಲ್ಲಿ ಅರವತ್ತೆಂಟರಲ್ಲಿ ಹೀಗೆ. ‘ಹಳೆಯ ನಿರಪಾಯಕಾರಿ ಗಡ್ಡೆಯಿಂದ ಹುಟ್ಟಿದ ಕ್ಯಾನ್ಸರ್ ಎಂಬುದಕ್ಕೆ ಹೊಂದುತ್ತದೆ.’

“ಒಳ್ಳೆ ಸುದ್ದಿಯಾ ಸಾ?”

“ಕ್ಷೌರ ಮುಗಿಸಪ್ಪ,” ಎಂದರು ಮೇಷ್ಟ್ರು.

ಯಳಂದೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಇಲ್ಲವೆಂದು ಬಂದಿದೆ ಎಂದುಬಿಟ್ಟರೆ? ಈ ಎರಡು ತಾಲೂಕಿನಲ್ಲಿ ಅವರ ಓದಿನ ಮೇಲೆ ಇನ್ನೊಬ್ಬರು ಓದುವುದಿಲ್ಲ. ಹೊಸ ಕಾಯಿಲೆ, ಹಳೆಯದಕ್ಕೆ ಸಂಬಂಧವಿಲ್ಲ, ವಂಶದ್ದೂ ಅಲ್ಲ. ಮೂರು ವಾಕ್ಯ. ಸುಲಭ. ಆದರೆ ಮಹಾದೇವಮ್ಮ ಎದುರಿಗೆ ಕೂತ ಹಾಗೆ ಆಯಿತು. ‘ಅದೂ ಅಲ್ಲ, ಇದೂ ಅಲ್ಲ ಅಂದ್ರೆ ಎಲ್ಲಿಂದ ಬಂತು ಮೇಷ್ಟ್ರೇ? ಗಾಳೀಲಿ ಬಂತಾ?’ ಎಂದು ಆ ಹೆಂಗಸು ಕೇಳುತ್ತಾಳೆ, ಕೇಳದೆ ಬಿಡುವವಳಲ್ಲ. ಎಲ್ಲಿಂದ ಬಂತೆಂದು ತೋರಿಸದ ಹೊರತು ಅದು ವಂಶದಿಂದಲೇ ಬಂದದ್ದು. ಕೋಮಲಳ ಹೊಟ್ಟೆಯಲ್ಲಿರುವುದು ಉಳಿಯಬೇಕಾದರೆ ಕಾಯಿಲೆ ಹುಟ್ಟಿದ ಜಾಗ ತೋರಿಸಬೇಕು. ಅಲ್ಲಿ ಆ ಗಂಟಿನ ಪಕ್ಕ ಮೇಷ್ಟ್ರು ನಿಂತಿದ್ದಾರೆ, ಸುಮ್ಮನೆ ಬಿಡಿ ಅನ್ನುತ್ತ.

ಟಿಕೆಟನ್ನು ಅವರು ಬೆರಳುಗಳ ನಡುವೆ ಸುರುಟಿ ಸುರುಟಿ ಕಡ್ಡಿ ಮಾಡಿದ್ದರು. ಇಳಿಯುವಾಗ ಅದರ ಹಿಂದೆ ಬರೆದಿದ್ದ ಚಿಲ್ಲರೆ ಓದಲಾಗದೆ ಕಂಡಕ್ಟರ್ ಬೈದ.

ಮಧ್ಯಾಹ್ನ ಎರಡರ ಹೊತ್ತು. ಮಲ್ಲಿಕಾರ್ಜುನಸ್ವಾಮಿ ಗದ್ದೆಯಿಂದ ಬಂದು ಹಜಾರದಲ್ಲಿ ಕೂತಿದ್ದರು. ರಿಪೋರ್ಟು ಬಂದಿದೆ ಎಂದಷ್ಟೇ ಮೇಷ್ಟ್ರು ಫೋನಿನಲ್ಲಿ ಹೇಳಿದ್ದರಿಂದ ಕೋಮಲ ಬೆಳಗ್ಗೆಯೇ ಹನೂರಿಂದ ಹೊರಟು ಬಂದಿದ್ದಳು. ಮೇಷ್ಟ್ರು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ಪಾಠ ಶುರುಮಾಡುವವರ ಹಾಗೆ ಗಂಟಲು ಸರಿಮಾಡಿಕೊಂಡರು.

“ನೋಡಿ ಬಾವ. ಮೈಯೊಳಗೆ ಒಂದೊಂದು ಜೀನಿಗೂ ಒಂದೊಂದು ಸ್ವಿಚ್ಚು ಅಂತ ಇಟ್ಟುಕೊಳ್ಳಿ. ಈ ಪ್ಲ್ಯಾಗ್ ಅನ್ನೋ ಜೀನು ಮಗು ಹೊಟ್ಟೆಯಲ್ಲಿ ಬೆಳೆಯೋವಾಗ ಕೆಲಸ ಮಾಡುತ್ತೆ. ಆಮೇಲೆ ಆಫ್ ಆಗಿರಬೇಕು. ಅಕ್ಕನ ಕಿವಿ ಕೆಳಗೆ ಒಂದೇ ಒಂದು ಕೋಶದಲ್ಲಿ ಅದು ತುಂಡಾಗಿ, ಬೇರೆ ಯಾವುದೋ ಜೀನಿನ ಸ್ವಿಚ್ಚಿಗೆ ಹೋಗಿ ಅಂಟಿಕೊಂಡಿದೆ. ಆ ಸ್ವಿಚ್ಚು ಯಾವಾಗಲೂ ಆನ್.”

ಮೂವತ್ತೊಂದು ವರ್ಷ ಪಾಠ ಹೇಳಿದರೂ ಇಷ್ಟು ಬೇಗ ತಿಳಿದುಕೊಂಡ ಶಿಷ್ಯ ಅವರಿಗೆ ಸಿಕ್ಕಿರಲಿಲ್ಲ.

“ಆಟೋ ಸ್ಟಾರ್ಟ್ರು ಆಕ್ದಂಗೆ,” ಎಂದರು ಮಲ್ಲಿಕಾರ್ಜುನಸ್ವಾಮಿ. “ಕರೆಂಟ್ ಬಂದೇಟ್ಗೆ ಬೋರ್ ಓಡ್ತದೆ. ನೀರು ಬೇಕಾ ಬ್ಯಾಡ್ವಾ ಅಂತ ಕೇಳಕಿಲ್ಲ.”

“ಹಂಗೇ ಬಾವ. ಆ ಒಂದು ಕೋಶ ಎರಡಾಗಿ, ನಾಲ್ಕಾಗಿ, ಗಂಟಾಯ್ತು.”

“ಮಗೀಗೆ?” ಎಂದರು ಶಿವರತ್ನಮ್ಮ.

“ಕೋಮಲಂಗೆ ಬರೋಕೆ ದಾರಿಯೇ ಇಲ್ಲಕ್ಕ. ನೀನು ಹುಟ್ಟಿದಾಗ ನಿನ್ನಲ್ಲೇ ಇರಲಿಲ್ಲ ಇದು. ಮೈಯಲ್ಲಿ ಬೇರೆಲ್ಲೂ ಇಲ್ಲ. ಆ ಗಂಟಿನಲ್ಲಿ ಮಾತ್ರ. ನಮ್ಮ ಗದ್ದೆ ಬೋರಿನ ವೈರು ಅದಲುಬದಲಾದರೆ ಹನೂರಿನ ಮನೆಯ ಫ್ಯಾನಿಗೆ ಏನಾಗುತ್ತೆ?”

ಶಿವರತ್ನಮ್ಮನ ಬಲಗೆನ್ನೆ ಮೇಲೆದ್ದಿತು. ಅದು ನಗು. “ಕೋಮ್ಲಾ, ಕೇಳುಸ್ಕಂಡ್ಯಾ? ನಿಂದು ಏನೂ ಇಲ್ವಂತೆ. ನಾನು ಏನೂ ಕೊಟ್ಟಿಲ್ವಂತೆ ಕಣವ್ವ.”

ಕೋಮಲ ಅವ್ವನ ಕೈ ಹಿಡಿದುಕೊಂಡಳು. ಅಲ್ಲಿಗೆ ನಿಲ್ಲಬಹುದಾಗಿತ್ತು. ಆದರೆ ಮಲ್ಲಿಕಾರ್ಜುನಸ್ವಾಮಿ ಮೋಟಾರಿನ ಯೋಚನೆಯಲ್ಲೇ ಇದ್ದರು. ಮೋಟಾರು ಕೆಟ್ಟರೆ ರೈತ ಕೇಳುವ ಪ್ರಶ್ನೆ ಒಂದೇ.

“ಯಾವಾಗ ಆದದ್ದು ಇದು? ಈಗೇನಾ?”

“ಈಗಲ್ಲ,” ಎಂದರು ಮೇಷ್ಟ್ರು. “ಗಂ‌ಟು ಶುರುವಾದಾಗಲೇ. ಶುರುವಾದದ್ದೇ ಇದರಿಂದ.”

“ಅಂದ್ರೆ ಅನ್ನೊಂದು ವರ್ಸದಿಂದ್ಲೂ ಓಡ್ತಾನೇ ಇತ್ತು ಮೋಟ್ರು.”

“ಹ್ಞೂಂ. ಆಗ ಬರೀ ಬೆಳೀತಿತ್ತು. ಓಡಿ ಓಡಿ ಇನ್ನೂ ಎರಡು ಮೂರು ಕಡೆ ವೈರು ಸುಟ್ಟು ಕೆಟ್ಟಿದೆ.”

“ಅವತ್ತೇ ಕಿತ್ತಾಕಿದ್ರೆ?”

ಮೇಷ್ಟ್ರು ರಿಪೋರ್ಟನ್ನು ಬೆಳಕಿಗೆ ಹಿಡಿಯಲಿಲ್ಲ. ಅದು ಫೋನಿನಲ್ಲಿತ್ತು, ಫೋನು ಜೇಬಿನಲ್ಲಿತ್ತು.

“ಕಿತ್ತುಹಾಕಿದ್ದರೆ ಅಲ್ಲಿಗೇ ಮುಗೀತಿತ್ತು ಬಾವ.”

ಮಲ್ಲಿಕಾರ್ಜುನಸ್ವಾಮಿ ಎದ್ದು ಬಚ್ಚಲಿಗೆ ಹೋಗಿ, ಬಂದಾಗಲೇ ತೊಳೆದಿದ್ದ ಕಾಲನ್ನು ಮತ್ತೆ ತೊಳೆದರು. ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು.

ಕೋಮಲ ಮಾತ್ರ ಮುಂದಿನದನ್ನು ಯೋಚಿಸುತ್ತಿದ್ದಳು. “ಬಾಯಲ್ಲಿ ಏಳುದ್ರೆ ಅತ್ತೆ ನಂಬಲ್ಲ ಮಾವ. ತವರೋರು ಹೇಳ್ಕೊಟ್ಟವ್ರೆ ಅಂತಾರೆ. ಇಂಗ್ಲಿಸ್ ರಿಪೋರ್ಟು ಅವ್ರಿಗೆ ಆಗಲ್ಲ. ಕನ್ನಡದಲ್ಲಿ ಬರ್ದುಕೊಡಿ, ಸೈನ್ ಮಾಡಿ. ನಿಮ್ ಅಕ್ಷರ ಅಂದ್ರೆ ಹನೂರಲ್ಲೂ ನಂಬ್ತಾರೆ.”

ಮಗುವಿಗೆ ಗೀಚಲು ತಂದಿದ್ದ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದುಕೊಟ್ಟಳು. ಮೇಷ್ಟ್ರು ಬರೆದರು. ಜೀನು, ಸ್ವಿಚ್ಚು, ಒಂದೇ ಕೋಶ, ಅನುವಂಶೀಯವಲ್ಲ. ಅಂದವಾಗಿ ಬರುತ್ತಿತ್ತು. ಕೊನೆಯಲ್ಲಿ, ‘ಕಾರಣಾಂತರಗಳಿಂದ ಸದರಿ ಗಡ್ಡೆಯನ್ನು ಆಗ ತೆಗೆಸಲಾಗಲಿಲ್ಲ’ ಎಂದು ಮುಗಿಸಿದರು. ಕೋಮಲ ಗಟ್ಟಿಯಾಗಿ ಓದಿದಳು, ಆ ಸಾಲಿಗೆ ಬಂದು ನಿಂತಳು.

“ಯಾವ ಕಾರಣಾಂತರ ಮಾವ?”

“ಅದು... ಹಾಗೆ ಬರೆಯೋ ರೂಢಿಯಮ್ಮ.”

“ಅತ್ತೆ ಅಲ್ಲೇ ಇಡ್ಕತಾರೆ. ಡಾಕ್ಟ್ರು ತೆಗ್ಸಿ ಅಂದ್ರೂ ಯಾಕ್ ತೆಗ್ಸಿಲ್ಲ? ತೆಗ್ಸಿದ್ರೂ ವಂಸದ್ದು, ತಿರ್ಗ ಬತ್ತದೆ ಅಂತ ಗೊತ್ತಿತ್ತಾ? ಅಂತಾರೆ. ನಾನೇನ್ ಏಳ್ಲಿ?”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಸಂತೆಯಲ್ಲಿ ಬದನೆಕಾಯಿ ಹುಳುಕಾ ಎಂದು ತಿರುಗಿಸಿ ನೋಡುವಷ್ಟೇ ಗಮನ. ಮೇಷ್ಟ್ರು ಆ ಸಾಲನ್ನು ಹೊಡೆದುಹಾಕಿದರು. ಅಡಿಯಲ್ಲಿ ಬರೆದರು: ‘ತೆಗೆಸಬೇಕೆಂದು ವೈದ್ಯರು ಹೇಳಿದ್ದರು. ಬೇಡವೆಂದು ನಾನು ಹೇಳಿದೆ. ನನಗೆ ತಿಳಿದಿರಲಿಲ್ಲ.’

ಕೋಮಲ ಓದಿದಳು.

“ಆ ಸಾಲು ಬ್ಯಾಡ,” ಎಂದರು ಶಿವರತ್ನಮ್ಮ ಮಂಚದಿಂದ. “ತೆಗ್ದಾಕ್ಲಾ ಷಡಕ್ಷರಿ. ನಾಳೆ ಅವ್ರು ನಾಕು ಜನಕ್ಕೆ ತೋರುಸ್ತಾರೆ. ನಿನ್ ಮರ್ವಾದೆ ಏನಾಯ್ತದೆ?”

ಮೇಷ್ಟ್ರು ಪೆನ್ನಿನ ಮುಚ್ಚಳ ತೆರೆದರು. ತೆಗೆದುಹಾಕಲು ಕೈ ಸಿದ್ಧವಾಗಿಯೇ ಇತ್ತು.

“ಇರ್ಲಿ ಅವ್ವ,” ಎಂದಳು ಕೋಮಲ. “ಅದೊಂದು ಇದ್ರೇನೆ ನಂಬೋದು. ತನ್ ಮೇಲೆ ತಾನೇ ಯಾರು ಸುಳ್ಳು ಬರ್ಕತ್ತಾರೆ?”

ಮೇಷ್ಟ್ರು ಸಹಿ ಹಾಕಿದರು. ಕೈ ಅಭ್ಯಾಸಬಲದಿಂದ ಕೆಳಗೆ ‘ಬಿ.ಎಸ್ಸಿ., ಬಿ.ಎಡ್., ನಿವೃತ್ತ ಸಹಶಿಕ್ಷಕರು’ ಎಂದೂ ಬರೆಯಿತು.

ಬಾಗಿಲಲ್ಲಿ ಮಲ್ಲಿಕಾರ್ಜುನಸ್ವಾಮಿ ಒದ್ದೆ ಕಾಲಿನಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

“ಇನ್ನೊಂದು ಸಾಲು ಸೇರ್ಸು,” ಎಂದರು. “ಅವ್ನ ಕೇಳ್ದೋನು ಮಲ್ಲಿಕಾರ್ಜುನಸ್ವಾಮಿ ಅಂತ.”

“ಬಾವ, ಅದು ಯಾಕೆ...”

“ಡಾಕ್ಟ್ರು ಏಳಿದ್ರು. ನಂಗೂ ತೆಗ್ಸಾನ ಅಂತ್ಲೇ ಇತ್ತು. ಮತ್ಯಾಕ್ ಕೇಳ್ದೆ ನಿನ್ನ? ನೀನು ಬ್ಯಾಡ ಅಂದಾಗ ಒಳಗೆ ಅಗುರಾಯ್ತು ನಂಗೆ. ಇವ್ಳು ಸೋಬಾನೆ ಆಡಾದು ನಿಂತೋದ್ರೆ ಅಂತ ಇತ್ತಲ್ಲ. ಬರಿ.”

ಹಾಳೆಯಲ್ಲಿ ಜಾಗವಿರಲಿಲ್ಲ. ಮೇಷ್ಟ್ರು ಅಂಚಿನಲ್ಲಿ, ಕೆಳಗಿನಿಂದ ಮೇಲಕ್ಕೆ, ಓರೆಯಾಗಿ ಬರೆದರು. ಕೋಮಲ ಅದನ್ನು ಮಡಚಿ ಚೀಲದೊಳಗೆ, ಮಗುವಿನ ಬಟ್ಟೆಗಳ ನಡುವೆ ಇಟ್ಟುಕೊಂಡಳು. ನಾಲ್ಕೂವರೆಯ ಬಸ್ಸಿಗೆ ಹೊರಡಬೇಕು, ಕೊಳ್ಳೇಗಾಲದಲ್ಲಿ ಹನೂರಿನ ಬಸ್ಸು ಹಿಡಿಯಬೇಕು ಎಂದು ಮಗುವಿಗೆ ಮುಖ ತೊಳೆಸಲು ಹೊರಗೆ ಹೋದಳು.

ಮಾತಾಡಿ ಆಯಾಸವಾಗಿತ್ತೋ, ಮನಸ್ಸು ಹಗುರವಾಗಿತ್ತೋ, ಶಿವರತ್ನಮ್ಮನಿಗೆ ನಿದ್ದೆ ಹತ್ತಿತು. ಬಲಗಣ್ಣು ಮುಚ್ಚಿತು. ಎಡಗಣ್ಣು ತೆರೆದೇ ಉಳಿದು, ನೀರು ಸುರಿಸುತ್ತ, ಮೇಷ್ಟ್ರು ಕೂತ ಕುರ್ಚಿಯ ಕಡೆಗೇ ನೋಡುತ್ತಿತ್ತು. ಅದಕ್ಕೆ ಏನೂ ಕಾಣುತ್ತಿಲ್ಲವೆಂದು ಮೇಷ್ಟ್ರಿಗೆ ಗೊತ್ತಿತ್ತು. ಆದರೂ ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡರು.

ಮಲ್ಲಿಕಾರ್ಜುನಸ್ವಾಮಿ ಗೂಡಿನಿಂದ ಮುಲಾಮು ತಂದು, ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಹಾಗೆ ಕಣ್ಣಿಗೆ ಒಂದು ಎಳೆ ಹಾಕಿದರು. ಎರಡು ಬೆರಳಿನಿಂದ ರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆ ಎಳೆದು ಹಿಡಿದರು. ಇನ್ನೊಂದು ಕೈ ಚಾಚಿದರು. ಮೇಷ್ಟ್ರು ಬಿಳಿ ಟೇಪಿನ ಸುರುಳಿಯಿಂದ ಒಂದು ತುಂಡು ಕತ್ತರಿಸಿ ಕೊಟ್ಟರು. ಅದು ಬೆವರಿಗೆ ಹಿಡಿಯಲಿಲ್ಲ, ರೆಪ್ಪೆ ಮತ್ತೆ ಮೇಲಕ್ಕೆ ಬಂತು.

“ಇನ್ನೊಂದು ಚೂರು ಕೊಡು,” ಎಂದರು ಮಲ್ಲಿಕಾರ್ಜುನಸ್ವಾಮಿ. “ಉದ್ದುಕ್ಕೆ.”